ಸಂವಹನ ವೃತ್ತಿಯೂ ನಮ್ಮ ಹೆಣ್ಣುಮಕ್ಕಳೂ

ಪರೀಕ್ಷೆಗಳ ಫಲಿತಾಂಶವು ಪ್ರಕಟವಾದ ಬಳಿಕ ಪ್ರತಿವರ್ಷವೂ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ತಂದೆತಾಯಿಗಳೊಡನೆ ಶಾಲೆಗೆ ಬಂದು ನಮ್ಮನ್ನು ಕಾಣುವುದುಂಟು. ವೈದ್ಯವಿದ್ಯೆ, ಉಪಾಧ್ಯಾಯವೃತ್ತಿ, ದಾದಿಯರ ತರಬೇತು, ಲೆಕ್ಕಪತ್ರ ಮುಂತಾದುವುಗಳ ವಿಷಯದಲ್ಲಿ ಸಲಹೆ ಕೇಳುವವರಿಗೆ ಉತ್ತರ ಹೇಳುವುದು ನಮಗೆ ಕಷ್ಟವಾಗಿಲ್ಲ. ಈ ದಾರಿಗಳನ್ನು ಹಿಂದಿನವರು ತುಳಿದು ಹಸನುಮಾಡಿದ್ದಾರೆ. ಆದರೆ ಈಚೆಗೆ ಮತ್ತೊಂದು ಪ್ರಶ್ನೆಯು ಪದೇ ಪದೇ ನಮ್ಮ ಮುಂದೆ ಬರುತ್ತಿದೆ. “ನಮ್ಮ ಹುಡುಗಿ ಕಮ್ಯುನಿಕೇಷನ್ ಓದುತ್ತೇನೆನ್ನುತ್ತಾಳೆ. ಅದು ಎಂಥ ಕೆಲಸ? ಅದರಿಂದ ಜೀವನ ನಡೆದೀತೆ?” ಎಂದು ತಾಯಂದಿರು ಕೇಳುತ್ತಾರೆ. “ಓದು ಮುಗಿಯಿತು, ಎಷ್ಟೋ ಕಡೆಗೆ ಅರ್ಜಿ ಹಾಕಿದೆವು, ಉತ್ತರವೇ ಬರಲಿಲ್ಲ. ಮುಂದೇನು ಮಾಡುವುದು?” ಎಂದು ಹುಡುಗಿಯರು ಕೇಳುತ್ತಾರೆ.

ಈ ಎರಡು ಪ್ರಶ್ನೆಗಳಿಗೂ ಒಂದೇ ಸಲ ಉತ್ತರ ಬರೆಯಬೇಕೆಂಬುದೇ ಈ ಲೇಖನದ ಉದ್ದೇಶ. ಇದನ್ನು ಪಾಠದಂತೆ ಭಾಗಭಾಗವಾಗಿ ವಿಂಗಡಿಸಿದ್ದೇವೆ. ಇದರಲ್ಲಿ ನಮ್ಮದೇ ಒಂದು ತಪ್ಪಿನ ಒಪ್ಪಿಗೆಯೂ ಸೇರಿದೆ.

೧. ಈ ವೃತ್ತಿಯೆಂದರೆ ಯಾವುದು

ತಿಳಿದವರಿಂದ ತಿಳಿಯಬೇಕಾದವರಿಗೆ ವಿಷಯವನ್ನು ತಪ್ಪಿಲ್ಲದೆ, ಸಕಾಲದಲ್ಲಿ, ಅವರ ಭಾಷೆಯಲ್ಲಿ ಮುಟ್ಟಿಸುವುದೇ ಸಂವಹನ. ಇದನ್ನು ಸಂಬಳಕ್ಕಾಗಿ ಮಾಡತಕ್ಕವರನ್ನು ಸಂವಹನ ವೃತ್ತಿಯವರೆನ್ನಬಹುದು. ಪತ್ರಿಕೆಯ ವರದಿಗಾರ್ತಿ, ಬಾನುಲಿಯಲ್ಲಿ ವಾರ್ತೆ ಓದುವವಳು, ಕಂಪನಿಯ ಪ್ರಕಟಣೆಗಳನ್ನು ಬರೆಯುವವಳು, ಜಾಹೀರಾತಿನ ಒಕ್ಕಣೆ ಹೊಂದಿಸುವವಳು, ಯಂತ್ರದ ಬಳಕೆಯ ಕೈಪಿಡಿ ಬರೆಯುವವಳು, ಆಸ್ಪತ್ರೆಯಲ್ಲಿ ರೋಗಿಗಳಿಗೆ ತಿಳಿವಳಿಕೆಪತ್ರ ಸಿದ್ಧಪಡಿಸುವವಳು, ಇವರೆಲ್ಲರೂ ಒಂದೇ ಕುಲದವರು.

ನಮ್ಮ ತಿಲಕ್ ನಗರದ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಜಯನಗರಕ್ಕೆ ಹೊಂದಿಕೊಂಡಿರುವ ಈ ಬಡಾವಣೆಯಲ್ಲಿ ಸಾಗರ್ ಆಸ್ಪತ್ರೆಯಿದೆ. ಸಮೀಪದಲ್ಲಿಯೇ ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯಿದೆ. ಇನ್ನೂ ಸ್ವಲ್ಪ ದೂರದಲ್ಲಿ ಕಿದ್ವಾಯಿ ಗ್ರಂಥಿ ಸಂಸ್ಥೆಯೂ ನಿಮ್ಹಾನ್ಸ್ ಸಂಸ್ಥೆಯೂ ಇವೆ. ರಾಯಚೂರಿನಿಂದ, ಚಾಮರಾಜನಗರದಿಂದ, ಗಡಿಯಾಚೆಯ ಅನಂತಪುರ, ಹೊಸೂರುಗಳಿಂದ ರೋಗಿಗಳು ಇಲ್ಲಿಗೆ ಬರುತ್ತಾರೆ. ಮನೆಗೆ ಹೊರಡುವ ರೋಗಿಯ ಕೈಗೆ ಒಂದು ಕಾಗದ ಸಿಕ್ಕುತ್ತದೆ. ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆಮೇಲೆ, ಎಂಥ ನೋವು ಕಾಣಿಸಿಕೊಂಡರೆ ತಡಮಾಡದೆ ಬರಬೇಕು ಎಂಬುದು ಅದರಲ್ಲಿರುತ್ತದೆ. ವೈದ್ಯನಿಗೆ ವಿಷಯ ಗೊತ್ತಿದೆ. ರೋಗಿಗೆ ಅದು ಗೊತ್ತಾಗಬೇಕು. ನಡುವೆ ಇರುವುದು ಆ ಒಂದು ಕಾಗದ. ಅದರಲ್ಲಿಯ ಒಂದು ವಾಕ್ಯ ತೊಡಕಾದರೆ ನಷ್ಟವಾಗುವುದು ಶೈಲಿಯಲ್ಲ, ಪ್ರಾಣ. ಇದನ್ನು ಕಂಡವರು ಸಂವಹನವನ್ನು ಬಾಯಿಮಾತಿನ ಬೆಡಗೆಂದು ಎಣಿಸಲಾರರು.

೨. ಹಿಂದಿನವರು ನಡೆದ ದಾರಿ

ತಿಲಕ್ ನಗರವೆಂದ ಕೂಡಲೆ ಲೋಕಮಾನ್ಯ ಬಾಲ ಗಂಗಾಧರ ತಿಲಕರ ಹೆಸರು ನೆನಪಿಗೆ ಬರುವುದು. ಅವರನ್ನು ರಾಜಕೀಯ ಮುಖಂಡರೆಂದು ಎಲ್ಲರೂ ಬಲ್ಲರು. ಆದರೆ ಅವರು ಮೊದಲು ಶಾಲಾಮಾಸ್ತರರು, ಅನಂತರ ಪತ್ರಿಕಾಸಂಪಾದಕರು ಎಂಬುದನ್ನು ನಮ್ಮ ಮಕ್ಕಳು ಮರೆಯುತ್ತಾರೆ. ೧೮೮೦ರಲ್ಲಿ ಪುಣೆಯಲ್ಲಿ ಮಿತ್ರರೊಡಗೂಡಿ ನ್ಯೂ ಇಂಗ್ಲಿಷ್ ಸ್ಕೂಲನ್ನು ತೆರೆದ ಅವರು ಮರುವರ್ಷವೇ ಮರಾಠಿಯಲ್ಲಿ ‘ಕೇಸರಿ’ಯನ್ನೂ ಇಂಗ್ಲಿಷಿನಲ್ಲಿ ‘ಮರಾಠಾ’ ಪತ್ರಿಕೆಯನ್ನೂ ಆರಂಭಿಸಿದ ಬಳಗದಲ್ಲಿದ್ದರು. ಜನರ ಭಾಷೆಯಲ್ಲಿ ಒಂದು, ಆಳುವವರ ಭಾಷೆಯಲ್ಲಿ ಒಂದು. ತಾವು ಬರೆದುದಕ್ಕಾಗಿ ೧೯೦೮ರಲ್ಲಿ ಆರು ವರ್ಷಗಳ ಶಿಕ್ಷೆಗೆ ಗುರಿಯಾಗಿ ಮಂಡಾಲೆಯ ಸೆರೆಮನೆಗೆ ಹೋದರು. ಬರೆದ ಮಾತಿಗೆ ಬೆಲೆಯುಂಟು, ಹೊಣೆಯೂ ಉಂಟು ಎಂಬುದನ್ನು ಈ ಬಡಾವಣೆಯ ಹೆಸರೇ ನಮಗೆ ನೆನಪಿಸತಕ್ಕದ್ದಾಗಿದೆ.

ಕನ್ನಡನಾಡಿನ ಮಾತಿಗೆ ಬರೋಣ. ಜರ್ಮನಿಯಿಂದ ಬಂದು ಕನ್ನಡವನ್ನು ಕಲಿತ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಎಂಬವರು ೧೮೪೩ನೆಯ ಜುಲೈ ೧ರಂದು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಅದು ಕನ್ನಡದ ಮೊದಲನೆಯ ಪತ್ರಿಕೆ. ಆ ದಿನವನ್ನು ಈಗಲೂ ನಮ್ಮ ರಾಜ್ಯದಲ್ಲಿ ಪತ್ರಿಕಾದಿನವಾಗಿ ಆಚರಿಸುತ್ತಾರೆ. ಮುಂದಿನ ವರ್ಷ ಪತ್ರಿಕೆಯು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಓದುಗರು ಇದ್ದಾರೆಯೇ ಎಂದು ಅವರು ಮೊದಲು ಲೆಕ್ಕಹಾಕುತ್ತ ಕುಳಿತಿದ್ದರೆ ಪತ್ರಿಕೆಯು ಹುಟ್ಟುತ್ತಲೇ ಇರಲಿಲ್ಲ.

ಹೆಂಗಸರ ಪೈಕಿ ನಾವು ಮುಖ್ಯವಾಗಿ ಸ್ಮರಿಸಬೇಕಾದವರು ನಂಜನಗೂಡು ತಿರುಮಲಾಂಬಾ. ಇವರು ೧೮೮೭ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ವೈಧವ್ಯಕ್ಕೆ ಈಡಾಗಿ, ಮನೆಯಲ್ಲಿಯೇ ವಿದ್ಯಾಭ್ಯಾಸಮಾಡಿದರು. ೧೯೧೩ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆಯನ್ನು ತೊಡಗಿದರು. ಅನಂತರ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಕನ್ನಡದಲ್ಲಿ ಹೆಂಗಸೊಬ್ಬಳು ಲೇಖಕಿಯೂ ಸಂಪಾದಕಿಯೂ ಪ್ರಕಾಶಕಿಯೂ ಆದುದಕ್ಕೆ ಇವರದೇ ಮೊದಲ ಮೇಲ್ಪಂಕ್ತಿ. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು ‘ಸರಸ್ವತಿ’ ಎಂಬ ಮಾಸಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು. ೧೯೩೮ರಲ್ಲಿ ಚಾಮರಾಜಪೇಟೆಯ ಮಕ್ಕಳ ಕೂಟವನ್ನೂ ಸ್ಥಾಪಿಸಿದರು. ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ನೆಯ ಸೆಪ್ಟೆಂಬರ್ ೧೦ರಂದು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅದಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ ಇಡೀ ದೇಶದ ಬಾನುಲಿಯು ಧರಿಸಿತು.

ಇವರಲ್ಲಿ ಯಾರೂ “ನಮಗೊಂದು ಹುದ್ದೆ ಕೊಡಿ, ಆಮೇಲೆ ಬರೆದು ತೋರಿಸುತ್ತೇವೆ” ಎನ್ನಲಿಲ್ಲವೆಂಬುದನ್ನು ವಿದ್ಯಾರ್ಥಿನಿಯರು ಗಮನಿಸಬೇಕು. ಇವರು ಮೊದಲು ಕೆಲಸವನ್ನು ಮಾಡಿದರು. ಸ್ಥಾನವು ಅದರ ಹಿಂದೆ ಬಂದಿತು. ನಾವು ಮುಂದೆ ಹೇಳತಕ್ಕದ್ದೆಲ್ಲವೂ ಈ ಒಂದು ಮಾತಿನ ವಿಸ್ತಾರವೇ ಆಗಿದೆ.

೩. ನಮ್ಮ ನಗರದಲ್ಲಿ ಕೆಲಸವು ಎಲ್ಲಿ ದೊರೆಯುವುದು

ಪತ್ರಿಕೋದ್ಯಮವನ್ನು ಕಾಲೇಜಿನ ಪಾಠವಾಗಿ ಓದುವ ಪದ್ಧತಿಯು ನಮ್ಮ ನಾಡಿನಲ್ಲಿ ೧೯೫೧ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮೊದಲಾಯಿತು. ಈಗ ಬೆಂಗಳೂರಿನ ಅನೇಕ ಕಾಲೇಜುಗಳಲ್ಲಿ ಅದು ಇಂಗ್ಲಿಷ್, ಮನಶ್ಶಾಸ್ತ್ರ ಮುಂತಾದ ವಿಷಯಗಳೊಡನೆ ಪದವಿಯ ವಿಷಯವಾಗಿದೆ. ಓದಿದವರಿಗೆ ದೊರೆಯಬಹುದಾದ ಕೆಲಸಗಳನ್ನು ಐದು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಪತ್ರಿಕೆ, ಬಾನುಲಿ, ದೂರದರ್ಶನಗಳು. ‘ಡೆಕ್ಕನ್ ಹೆರಾಲ್ಡ್’, ‘ಪ್ರಜಾವಾಣಿ’ಗಳು ೧೯೪೮ರಿಂದ ನಮ್ಮ ನಗರದಲ್ಲಿಯೇ ಅಚ್ಚಾಗುತ್ತಿವೆ. ಭಾರತದ ಮೊದಲನೆಯ ಖಾಸಗಿ ಎಫ್‌ಎಂ ಬಾನುಲಿಯಾದ ರೇಡಿಯೋ ಸಿಟಿಯು ೨೦೦೧ರಲ್ಲಿ ಆರಂಭವಾದುದೂ ಬೆಂಗಳೂರಿನಲ್ಲಿಯೇ. ಇಲ್ಲಿ ಕೆಲಸ ಬಿರುಸು, ಹೊತ್ತುಗೊತ್ತಿಲ್ಲ, ಮೊದಲ ಸಂಬಳವು ದೊಡ್ಡದಲ್ಲ. ಆದರೆ ವಿಷಯವನ್ನು ವಿಚಾರಿಸಿ ಒಂದು ಗಂಟೆಯೊಳಗೆ ತಪ್ಪಿಲ್ಲದೆ ಬರೆಯುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಗರಡಿಯಿಲ್ಲ.

ಎರಡನೆಯದು ತಾಂತ್ರಿಕ ಬರವಣಿಗೆ. ತಂತ್ರಾಂಶಗಳನ್ನೂ ಯಂತ್ರಗಳನ್ನೂ ಮಾಡುವ ಕಂಪನಿಗಳಲ್ಲಿ ಬಳಕೆದಾರರಿಗಾಗಿ ಕೈಪಿಡಿ, ಸಹಾಯಪುಟ, ತೆರೆಯ ಮೇಲಣ ಸೂಚನೆ ಮೊದಲಾದುವನ್ನು ಬರೆಯುವವರು ಬೇಕು. ನಮ್ಮ ನಗರದಲ್ಲಿ ಈ ಕೆಲಸವು ಹೇರಳವಾಗಿದ್ದರೂ ತಂದೆತಾಯಿಗಳಲ್ಲಿ ಬಹುಮಂದಿ ಇದರ ಹೆಸರನ್ನೇ ಕೇಳಿಲ್ಲ. ವಿಜ್ಞಾನವನ್ನು ಓದಿಯೂ ಭಾಷೆಯ ಮೇಲೆ ಮಮತೆ ಉಳಿಸಿಕೊಂಡ ಹುಡುಗಿಗೆ ಇದು ಬಹಳ ತಕ್ಕುದು.

ಮೂರನೆಯದು ಕಂಪನಿಗಳ ಸಾರ್ವಜನಿಕ ಸಂಪರ್ಕ, ಜಾಹೀರಾತು, ಕೆಲಸಗಾರರಿಗೆ ತಿಳಿಸತಕ್ಕ ಒಳಗಣ ಪ್ರಕಟಣೆ ಇವು. ಭಾರತದ ಸಾರ್ವಜನಿಕ ಸಂಪರ್ಕ ಸಂಘವು ೧೯೫೮ರಷ್ಟು ಹಿಂದೆಯೇ ಸ್ಥಾಪಿತವಾಯಿತು. ಆದುದರಿಂದ ಇದು ನಿನ್ನೆಯ ಕಸುಬೇನೂ ಅಲ್ಲ. ನಾಲ್ಕನೆಯದು ಆಸ್ಪತ್ರೆ, ಧರ್ಮಸಂಸ್ಥೆ, ಶಾಲೆ, ಸಮುದಾಯ ಬಾನುಲಿ ಇವುಗಳ ಸೇವೆ. ೨೦೦೭ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರೇಡಿಯೋ ಆಕ್ಟಿವ್ ಎಂಬುದು ಸಮುದಾಯ ಬಾನುಲಿಗೆ ಒಂದು ಉದಾಹರಣೆ. ಐದನೆಯದು ಸರ್ಕಾರದ ಕೆಲಸ. ರಾಜ್ಯದಲ್ಲಿ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯೂ ಕೇಂದ್ರದಲ್ಲಿ ಭಾರತೀಯ ಮಾಹಿತಿ ಸೇವೆಯೂ ಇವೆ. ಇವುಗಳಿಗೆ ಸ್ಪರ್ಧಾಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು.

ಇವೆಲ್ಲವುಗಳ ಜೊತೆಗೆ ಅನುವಾದವೆಂಬುದು ಎಲ್ಲ ಕಡೆಗೂ ಬೇಕಾದ ಕೈಕೆಲಸ. ತಿಲಕ್ ನಗರದ ಬೀದಿಯಲ್ಲಿ ಬೆಳೆದ ಹುಡುಗಿಯು ಮನೆಯಲ್ಲಿ ಉರ್ದುವನ್ನೋ ತಮಿಳನ್ನೋ ತೆಲುಗನ್ನೋ ಆಡಿ, ಅಂಗಡಿಯಲ್ಲಿ ಕನ್ನಡವಾಡಿ, ಶಾಲೆಯಲ್ಲಿ ಇಂಗ್ಲಿಷ್ ಕಲಿಯುತ್ತಾಳೆ. ಇದನ್ನು ಅವಳು ಬಡತನದ ಗುರುತೆಂದು ತಿಳಿದು ಮರೆಮಾಡುವುದನ್ನು ನಾವು ಕಂಡಿದ್ದೇವೆ. ಅದು ಗುರುತಲ್ಲ, ಗಂಟು; ಉಳಿದವರು ಹಣಕೊಟ್ಟು ಕಲಿಯಬೇಕಾದ ಸಂಪತ್ತು.

೪. ಒಂದು ಅರ್ಜಿಯ ವೃತ್ತಾಂತ

ಈಗ ನಮ್ಮ ತಪ್ಪಿನ ಮಾತು. ಕೆಲವು ವರ್ಷಗಳ ಕೆಳಗೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಮಧ್ಯಾಹ್ನ ಕಛೇರಿಗೆ ಬಂದು ಕುಳಿತಳು. ಪತ್ರಿಕೋದ್ಯಮದಲ್ಲಿ ಪದವಿ ಪಡೆದು ಎರಡು ವರ್ಷಗಳಾಗಿದ್ದುವು. ಕೆಲಸ ಸಿಕ್ಕಿರಲಿಲ್ಲ. ಅಷ್ಟೇ ಅಲ್ಲ, ಕೆಲಸ ಕೊಡಿಸುವೆವೆಂದು ಹೇಳಿದವರೊಬ್ಬರಿಗೆ ‘ನೋಂದಣಿ’ಯ ಹೆಸರಿನಲ್ಲಿ ಹಣ ಕಟ್ಟಿದ್ದಳು. ಅದಕ್ಕಾಗಿ ತಾಯಿಯ ಬಳೆಗಳು ಗಿರವಿಗೆ ಹೋಗಿದ್ದುವು. ಹಣ ಪಡೆದವರ ದೂರವಾಣಿಯು ಆಮೇಲೆ ಉತ್ತರ ಕೊಡಲಿಲ್ಲ. ಮನೆಯಲ್ಲಿ ತಂದೆಯು “ಓದಿಸಿದ್ದೇ ತಪ್ಪಾಯಿತು” ಎಂದರಂತೆ. ತಂಗಿಯನ್ನು ಕಾಲೇಜು ಬಿಡಿಸುವ ಮಾತೂ ಎದ್ದಿತ್ತು. ಹೀಗೆ ಒಬ್ಬಳ ನಿರುದ್ಯೋಗವು ಇನ್ನೊಬ್ಬಳ ವಿದ್ಯೆಗೆ ಅಡ್ಡಬಂದಿತ್ತು.

ಅವಳ ಅರ್ಜಿಯನ್ನು ತರಿಸಿ ಓದಿದೆವು. ಮೂರು ಪುಟ. ಮೊದಲನೆಯ ಪುಟದಲ್ಲಿ ಸಂವಹನದ ಮಹತ್ತ್ವವನ್ನು ಕುರಿತು ಒಂದು ಪ್ರಬಂಧ. ಎರಡನೆಯದರಲ್ಲಿ ತಾನು ಶ್ರದ್ಧಾವಂತೆ, ಪರಿಶ್ರಮಶಾಲಿನಿ, ಸೃಜನಶೀಲೆ ಎಂಬ ವಿಶೇಷಣಗಳು. ಮೂರನೆಯ ಪುಟದ ಕಟ್ಟಕಡೆಯಲ್ಲಿ ಚಿಕ್ಕದಾಗಿ, “ಭಾಷೆಗಳು: ಕನ್ನಡ, ಇಂಗ್ಲಿಷ್, ಉರ್ದು, ತಮಿಳು.” ಇದೇ ಅರ್ಜಿಯನ್ನು ಪತ್ರಿಕೆಗೂ ಬ್ಯಾಂಕಿಗೂ ಆಸ್ಪತ್ರೆಗೂ ಕಳುಹಿಸಿದ್ದಳು.

ಓದುತ್ತ ಓದುತ್ತ ನಮಗೆ ನಾಚಿಕೆಯಾಯಿತು. ಆ ಶೈಲಿಯನ್ನು ನಾವು ಗುರುತಿಸಿದೆವು. ಅದು ನಮ್ಮ ತರಗತಿಯ ಪ್ರಬಂಧದ ಶೈಲಿಯೇ. ಪುಟಗಳನ್ನು ತುಂಬಿಸಿದವಳಿಗೆ ಅಂಕಗಳನ್ನು ಹೆಚ್ಚಾಗಿ ಕೊಟ್ಟವರು ನಾವು. ನಾಲ್ಕು ಸಾಲಿನಲ್ಲಿ ವಿಷಯ ಹೇಳಿದವಳಿಗೆ “ವಿಸ್ತರಿಸು” ಎಂದು ಕೆಂಪು ಶಾಯಿಯಲ್ಲಿ ಬರೆದವರೂ ನಾವೇ. ಕೆಲಸ ಕೊಡುವವನು ಅಂಕ ಕೊಡುವ ಉಪಾಧ್ಯಾಯಿನಿಯಲ್ಲ. ಅವನಿಗೆ ಪುರಸತ್ತಿಲ್ಲ. ಅವನು ತಿಳಿಯಬಯಸುವುದು ಒಂದೇ: ಈಕೆ ನಮ್ಮ ಯಾವ ಕಷ್ಟವನ್ನು ಹಗುರಮಾಡಬಲ್ಲಳು?

“ನೀನು ಯಾರಿಗಾದರೂ ಉಪಯೋಗವಾಗುವಂತೆ ಏನನ್ನಾದರೂ ಬರೆದಿದ್ದೀಯಾ?” ಎಂದು ಕೇಳಿದೆವು. ಇಲ್ಲವೆಂದಳು. ಬಹಳ ಹೊತ್ತಿನ ಮೇಲೆ, ಅದು ಲೆಕ್ಕಕ್ಕೆ ಬರಲಾರದೆಂಬ ಸಂಕೋಚದಿಂದ, ಒಂದು ಸಂಗತಿಯನ್ನು ಹೇಳಿದಳು. ೨೦೨೧ರಲ್ಲಿ ಕೋವಿಡ್ ಲಸಿಕೆಗೆ ಹೆಸರನ್ನು ನೋಂದಾಯಿಸುವ ಕ್ರಮವು ಅರ್ಥವಾಗದೆ ಬೀದಿಯ ಹಿರಿಯರು ಕಂಗೆಟ್ಟಿದ್ದರು. ಆಗ ಅವಳು ಆ ಕ್ರಮವನ್ನು ಏಳು ಮೆಟ್ಟಿಲಾಗಿ ವಿಂಗಡಿಸಿ, ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ತಮಿಳಿನಲ್ಲಿಯೂ ಒಂದೊಂದು ಹಾಳೆ ಬರೆದು ಮನೆಮನೆಗೆ ಹಂಚಿದ್ದಳು, ವಾಟ್ಸ್‌ಆಪಿನಲ್ಲಿಯೂ ಕಳುಹಿಸಿದ್ದಳು. ಮೊದಲನೆಯ ಹಾಳೆಯನ್ನು ನೋಡಿದ ಅಜ್ಜಿಯೊಬ್ಬಳು ನಾಲ್ಕನೆಯ ಮೆಟ್ಟಿಲಿನಲ್ಲಿ ತಡೆದುದರಿಂದ ಅದನ್ನು ತಿದ್ದಿ ಮತ್ತೆ ಬರೆದಿದ್ದಳು.

ಎರಡು ವರ್ಷಗಳಿಂದ ಇಂಥ ಚಿನ್ನವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಅವಳು ತಾಮ್ರವನ್ನು ಮಾರಲು ಹೊರಟಿದ್ದಳು! ಆ ಮೂರು ಹಾಳೆಗಳನ್ನೂ ಮೊದಲಿನ ಹಾಳೆಯನ್ನೂ ತಿದ್ದಿದ ಹಾಳೆಯನ್ನೂ ಜೊತೆಗಿಟ್ಟು, ಒಂದೇ ಪುಟದ ಹೊಸ ಅರ್ಜಿಯನ್ನು ಅವಳಿಂದಲೇ ಬರೆಯಿಸಿದೆವು. ಕೆಲಸವೇನೂ ಮರುದಿನವೇ ದೊರೆಯಲಿಲ್ಲ. ಕೆಲವು ತಿಂಗಳುಗಳು ಕಳೆದುವು. ಕಡೆಗೆ ಆರೋಗ್ಯಸೇವೆಯ ಧರ್ಮಸಂಸ್ಥೆಯೊಂದು ಅವಳನ್ನು ಕರೆದು, ಆ ಹಾಳೆಗಳ ವಿಷಯವನ್ನೇ ಅರ್ಧಗಂಟೆ ಕೇಳಿ, ಕೆಲಸಕ್ಕೆ ತೆಗೆದುಕೊಂಡಿತು. ಬಳೆಗಳು ಬಿಡಿಸಲ್ಪಟ್ಟುವು. ತಂಗಿಯು ಕಾಲೇಜು ಬಿಡಲಿಲ್ಲ.

ಅಂದಿನಿಂದ ನಮ್ಮ ಎಂಟನೆಯ ತರಗತಿಯ ಹುಡುಗಿಯರು ಪ್ರತಿ ಶುಕ್ರವಾರವೂ ಐವತ್ತು ಮಾತುಗಳೊಳಗೆ ಒಂದು ಪ್ರಕಟಣೆಯನ್ನು ಬರೆಯುತ್ತಾರೆ. ಅದನ್ನು ಶಾಲೆಯ ಆಯಾಗೆ ಓದಿಹೇಳಬೇಕು. ಆಕೆಗೆ ಅರ್ಥವಾದರೆ ಪೂರ್ಣಾಂಕ.

೫. ಅರ್ಜಿ, ಮಾದರಿ, ಸಂದರ್ಶನ

ಮೇಲಣ ವೃತ್ತಾಂತದಿಂದ ಹೊರಡುವ ನಿಯಮಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ.

ಒಂದನೆಯದಾಗಿ, ಕೆಲಸದ ಮಾದರಿಗಳ ಕಡತವೊಂದನ್ನು ಕಾಲೇಜಿನ ಮೊದಲ ವರ್ಷದಿಂದಲೇ ಕೂಡಿಸತಕ್ಕದ್ದು. ಆರು ಮಾದರಿ ಸಾಕು. ಆದರೆ ಆರೂ ಬೇರೆಬೇರೆ ಬಗೆಯವಾಗಿರಲಿ: ಒಂದು ವರದಿ, ಒಂದು ಸಂದರ್ಶನ, ಒಂದು ಅನುವಾದ, ಒಂದು ಸೂಚನಾಪತ್ರ, ಒಂದು ಪತ್ರಿಕಾಪ್ರಕಟಣೆ, ಒಂದು ಚಿಕ್ಕ ಧ್ವನಿಮುದ್ರಣ ಅಥವಾ ಚಲಚ್ಚಿತ್ರ. ಪ್ರತಿಯೊಂದರ ತಲೆಯಲ್ಲಿಯೂ ಯಾರಿಗಾಗಿ ಬರೆದದ್ದು, ಏಕೆ ಬರೆದದ್ದು, ಅದರಿಂದ ಏನಾಯಿತು ಎಂದು ಎರಡು ಸಾಲು ಇರಬೇಕು. ಚರ್ಚಿನ ವಾರ್ಷಿಕ ವರದಿ, ಸ್ವಸಹಾಯ ಸಂಘದ ಕರಪತ್ರ, ಬಡಾವಣೆಯ ಕಸದ ವಿಷಯದ ಸೂಚನೆ, ಯಾವುದಾದರೂ ಆದೀತು. ಅದು ಒಬ್ಬ ನಿಜವಾದ ಓದುಗನ ಕೈಗೆ ಹೋಗಿರಬೇಕೆಂಬುದು ಮುಖ್ಯ. ಒಮ್ಮೆ ಕೆಲಸಕ್ಕೆ ಸೇರಿದ ಮೇಲೆ ಒಂದು ಎಚ್ಚರಿಕೆ: ೧೯೫೭ರ ಕೃತಿಸ್ವಾಮ್ಯದ ಕಾಯಿದೆಯಂತೆ, ಬೇರೆ ಕರಾರು ಇಲ್ಲದಿದ್ದರೆ, ಕೆಲಸದ ಭಾಗವಾಗಿ ಬರೆದದ್ದರ ಸ್ವಾಮ್ಯವು ಸಾಮಾನ್ಯವಾಗಿ ಯಜಮಾನನದು. ಅದನ್ನು ಅಪ್ಪಣೆಯಿಲ್ಲದೆ ಹೊರಗೆ ತೋರಿಸಕೂಡದು.

ಎರಡನೆಯದಾಗಿ, ಅರ್ಜಿಯು ಒಂದು ಪುಟವನ್ನು ಮೀರಬಾರದು. ಮೊದಲನೆಯ ವಾಕ್ಯದಲ್ಲಿ ಯಾವ ಹುದ್ದೆಯೆಂಬುದು, ಎರಡನೆಯದರಲ್ಲಿ ಆ ಸಂಸ್ಥೆಯ ಯಾವ ಕೆಲಸವನ್ನು ಓದಿ ಅಥವಾ ನೋಡಿ ಬರೆಯುತ್ತಿರುವೆನೆಂಬುದು, ಮೂರನೆಯದರಲ್ಲಿ ನಾನು ಮಾಡಿದ ಅದಕ್ಕೆ ಸಮೀಪವಾದ ಕೆಲಸವೆಂಬುದು. ವಿಶೇಷಣಗಳು ಬೇಡ. “ನಾನು ಪರಿಶ್ರಮಶಾಲಿನಿ” ಎಂಬ ಮಾತಿಗಿಂತ “ಮೂರು ಭಾಷೆಗಳಲ್ಲಿ ಈ ಹಾಳೆಯನ್ನು ಬರೆದು ಹಂಚಿದೆನು” ಎಂಬ ಮಾತು ಹೆಚ್ಚು ತೂಗುವುದು. ಒಂದೇ ಅರ್ಜಿಯನ್ನು ಐವತ್ತು ಕಡೆಗೆ ಕಳುಹಿಸುವುದಕ್ಕಿಂತ ಐದು ಕಡೆಗೆ ಐದು ಬಗೆಯಾಗಿ ಬರೆಯುವುದು ಮೇಲು. ಕಳುಹಿಸುವ ಮೊದಲು ಗಟ್ಟಿಯಾಗಿ ಓದತಕ್ಕದ್ದು. ಕಣ್ಣು ಕ್ಷಮಿಸುವ ತಪ್ಪನ್ನು ಕಿವಿಯು ಕ್ಷಮಿಸುವುದಿಲ್ಲ. ಬರೆಯುವ ಕೆಲಸಕ್ಕೆ ಹಾಕಿದ ಅರ್ಜಿಯಲ್ಲಿ ಒಂದು ಕಾಗುಣಿತದ ತಪ್ಪಿದ್ದರೆ ಅದೇ ಕೊನೆಯ ಮಾತಾಗಬಹುದು.

ಮೂರನೆಯದಾಗಿ, ಹುದ್ದೆಗಳು ನೌಕರಿ, ಲಿಂಕ್ಡ್‌ಇನ್ ಮುಂತಾದ ತಾಣಗಳಲ್ಲಿ ಪ್ರಕಟವಾಗುತ್ತವೆಂಬುದು ನಿಜ. ಆದರೂ ಅನೇಕ ಹುದ್ದೆಗಳು ಬಲ್ಲವರ ಮಾತಿನಿಂದಲೇ ತುಂಬಿಹೋಗುತ್ತವೆ. ಆದುದರಿಂದ ಪರಿಚಯಗಳು ಬೇಕು. ಪರಿಚಯವೆಂದರೆ ಶಿಫಾರಸಿಗಾಗಿ ಕಾಡುವುದಲ್ಲ. ಒಬ್ಬ ಹಿರಿಯಳ ಲೇಖನವನ್ನು ಓದಿ, ಅದರ ಬಗ್ಗೆ ಒಂದು ಒಳ್ಳೆಯ ಪ್ರಶ್ನೆಯನ್ನು ಕೇಳಿ, ಹದಿನೈದು ನಿಮಿಷದ ಭೇಟಿಯನ್ನು ಬೇಡುವುದು. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಈ ವೃತ್ತಿಯಲ್ಲಿರುವವರು ಇದ್ದೀರಿ. ವರ್ಷಕ್ಕೊಬ್ಬ ತಂಗಿಗೆ ಹದಿನೈದು ನಿಮಿಷ ಕೊಡಿರೆಂದು ನಾವು ನಿಮ್ಮನ್ನು ಬೇಡುತ್ತೇವೆ.

ನಾಲ್ಕನೆಯದಾಗಿ, ಸಂದರ್ಶನದಲ್ಲಿ ಕೇಳಿದುದಕ್ಕೆ ಉತ್ತರ ಹೇಳಿ ನಿಲ್ಲಿಸತಕ್ಕದ್ದು. ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯಲ್ಲಿ ಮಾತು ನಿಲ್ಲಿಸಬಲ್ಲವನೂ ಸೇರಿದ್ದಾನೆ. ತಿಳಿಯದಿದ್ದರೆ ತಿಳಿಯದೆಂದೂ, ಹೀಗೆ ತಿಳಿದುಕೊಳ್ಳುವೆನೆಂದೂ ಹೇಳಬೇಕು. ಅಲ್ಲಿಯೇ ಒಂದು ಪರೀಕ್ಷೆಯಾಗಿ ಬರೆಯಲು ಕೊಡುವುದು ವಾಡಿಕೆ. ಆದರೆ ದಿನಗಟ್ಟಲೆಯ ಕೆಲಸವನ್ನು ಪರೀಕ್ಷೆಯ ಹೆಸರಿನಲ್ಲಿ ಬಿಟ್ಟಿಯಾಗಿ ಮಾಡಿಸಿಕೊಳ್ಳುವವರಿಗೆ ನಯವಾಗಿ ಒಲ್ಲೆನೆಂದು ಹೇಳಲು ಕಲಿಯಿರಿ.

೬. ವೃತ್ತಿಯಲ್ಲಿ ಬೆಳೆಯುವ ಬಗೆ

ಕೆಲಸ ದೊರೆತ ಮಾತ್ರಕ್ಕೆ ಪಾಠವು ಮುಗಿಯಲಿಲ್ಲ. ಈ ವೃತ್ತಿಯಲ್ಲಿ ಮೂರು ಮೆಟ್ಟಿಲುಗಳನ್ನು ನಾವು ಕಂಡಿದ್ದೇವೆ.

ಮೊದಲಿನ ಎರಡು ಮೂರು ವರ್ಷಗಳು ನಿಷ್ಕೃಷ್ಟತೆಯನ್ನು ಕಲಿಯುವ ಕಾಲ. ಹೆಸರು, ತಾರೀಖು, ಅಂಕಿ, ಸ್ಥಳ ಇವುಗಳಲ್ಲಿ ತಪ್ಪದವಳೆಂಬ ಹೆಸರು ಬಂದರೆ ಸಾಕು. ಮೇಲಿನವರು ತಿದ್ದಿಕೊಟ್ಟ ಪ್ರತಿಯನ್ನು ಎಸೆಯದೆ ಇಟ್ಟುಕೊಂಡು, ಏಕೆ ತಿದ್ದಿದರೆಂದು ತಾನೇ ವಿಚಾರಿಸತಕ್ಕದ್ದು.

ಎರಡನೆಯದು ಒಂದು ವಿಷಯವನ್ನು ತನ್ನದಾಗಿ ಮಾಡಿಕೊಳ್ಳುವ ಕಾಲ. ಬರೆಯಬಲ್ಲವರು ಬಹುಮಂದಿ, ಹೃದ್ರೋಗವನ್ನೋ ಬ್ಯಾಂಕಿನ ಲೆಕ್ಕವನ್ನೋ ನೀರಿನ ಪೂರೈಕೆಯನ್ನೋ ತಿಳಿದು ಬರೆಯಬಲ್ಲವರು ಕೆಲವರೇ. ಈ ಕಾಲದಲ್ಲಿ ಆಯವ್ಯಯಪಟ್ಟಿಯನ್ನು ಓದಲು ಕಲಿಯಬೇಕು. ೨೦೦೫ರ ಮಾಹಿತಿ ಹಕ್ಕಿನ ಕಾಯಿದೆ, ೨೦೨೩ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ, ಮಾನಹಾನಿಯ ಕಾನೂನು ಇವುಗಳ ಮೂಲತತ್ತ್ವಗಳನ್ನಾದರೂ ತಿಳಿದಿರಬೇಕು. ರೋಗಿಯ ಭಾವಚಿತ್ರವನ್ನು ಅವನ ಒಪ್ಪಿಗೆಯಿಲ್ಲದೆ ಪ್ರಕಟಿಸಬಾರದೆಂಬುದು ಕಾನೂನಿಗಿಂತ ಮೊದಲು ಕರುಣೆಯ ಮಾತು.

ಮೂರನೆಯದು ಸಲಹೆ ಹೇಳುವ ಕಾಲ. ಸಂಸ್ಥೆಯಲ್ಲಿ ಏನಾದರೂ ತಪ್ಪಾದಾಗ ಅದನ್ನು ಮುಚ್ಚಿಡಬೇಕೆಂದು ಮೇಲಿನವರಿಗೆ ತೋರುವುದು ಸಹಜ. ಆಗ “ನಿಜವನ್ನು ನಾವೇ ಮೊದಲು ಹೇಳಿಬಿಡೋಣ” ಎನ್ನುವ ಧೈರ್ಯವುಳ್ಳವಳೇ ಆ ವಿಭಾಗದ ಮುಖ್ಯಸ್ಥೆಯಾಗಲು ಯೋಗ್ಯಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ವೃತ್ತಿಯಲ್ಲಿ ಮುತ್ತೆಂದರೆ ನಂಬಿಕೆಯೇ. ಒಮ್ಮೆ ಸುಳ್ಳು ಪ್ರಕಟಣೆಗೆ ಕೈಹಾಕಿದವಳ ಮುಂದಿನ ನೂರು ಸತ್ಯಗಳನ್ನೂ ಜನರು ಸಂದೇಹದಿಂದಲೇ ಓದುತ್ತಾರೆ.

ಸಂಬಳದ ವಿಷಯದಲ್ಲಿ ನಮ್ಮ ಹುಡುಗಿಯರು ವಿನಾಕಾರಣ ಸಂಕೋಚಪಡುತ್ತಾರೆ. ವರ್ಷವಿಡೀ ಮಾಡಿದ ಕೆಲಸಗಳನ್ನು ಒಂದು ದಿನಚರಿಯಲ್ಲಿ ಬರೆದಿಟ್ಟು, ವರ್ಷಾಂತ್ಯದಲ್ಲಿ ಅದನ್ನು ಮುಂದಿಟ್ಟು ಹೆಚ್ಚಳವನ್ನು ಕೇಳುವುದು ದುರಾಶೆಯಲ್ಲ. ಕೆಲಸವನ್ನು ಬದಲಾಯಿಸುವಾಗ ಬರೇ ಹಣವನ್ನು ನೋಡದೆ, ಅಲ್ಲಿ ತನ್ನ ಬರವಣಿಗೆಯನ್ನು ತಿದ್ದಬಲ್ಲ ಒಬ್ಬರಾದರೂ ಇದ್ದಾರೆಯೇ ಎಂದು ನೋಡತಕ್ಕದ್ದು. ಮದುವೆ, ಮಕ್ಕಳು ಇವುಗಳಿಂದ ಕೆಲಸವನ್ನು ಕೆಲವು ಕಾಲ ಬಿಡಬೇಕಾದವರು ತಿಂಗಳಿಗೊಂದು ಅನುವಾದವನ್ನೋ ಲೇಖನವನ್ನೋ ಮಾಡುತ್ತಿದ್ದರೆ ಹಿಂದಿರುಗುವ ಬಾಗಿಲು ಮುಚ್ಚಿಹೋಗದು.

೭. ಎರಡು ಎಚ್ಚರಿಕೆಗಳು

೨೦೨೨ನೆಯ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬುದು ಹೊರಬಂದಂದಿನಿಂದ, ಕೇಳಿದುದನ್ನು ಕ್ಷಣದಲ್ಲಿ ಬರೆದುಕೊಡುವ ಯಂತ್ರಗಳು ಎಲ್ಲರ ಕೈಗೂ ಬಂದಿವೆ. ಇನ್ನು ಬರೆಯುವವರು ಏಕೆ ಬೇಕೆಂದು ಕೇಳುವವರುಂಟು. ಭಯಕ್ಕೆ ಕಾರಣವಿಲ್ಲವೆಂದು ನಾವು ಹೇಳಲಾರೆವು. ಅವಸರದ, ಅಚ್ಚಿಗೆ ಎರಕಹೊಯ್ದಂಥ ಬರವಣಿಗೆಯ ಕೆಲಸವನ್ನು ಈ ಯಂತ್ರಗಳು ಕಡಮೆಮಾಡುತ್ತಿವೆ. ಆದರೆ ಯಂತ್ರವು ನಿಜವೆಂಬಂತೆ ತಪ್ಪನ್ನೂ ಹೇಳುತ್ತದೆ. ಆ ತಪ್ಪಿಗೆ ಅದು ಉತ್ತರ ಕೊಡುವುದಿಲ್ಲ. ನಾಲ್ಕನೆಯ ಮೆಟ್ಟಿಲಿನಲ್ಲಿ ತಡೆದ ಅಜ್ಜಿಯ ಮುಖವನ್ನು ಅದು ಕಾಣಲಿಲ್ಲ. ಆದುದರಿಂದ ಯಂತ್ರವನ್ನು ಬಳಸಲು ಕಲಿಯಿರಿ. ಅದು ಬರೆದ ಪ್ರತಿಯೊಂದು ಸಂಗತಿಯನ್ನೂ ಮೂಲದೊಡನೆ ಹೋಲಿಸಿರಿ. ನೀವು ಓದದ ಒಂದು ಸಾಲನ್ನೂ ನಿಮ್ಮ ಹೆಸರಿನಲ್ಲಿ ಕಳುಹಿಸಬೇಡಿರಿ. ಓದುಗನ ಬಳಿಗೆ ನಡೆದುಹೋಗಿ ವಿಚ‌ಾರಿಸುವವಳ ಕೆಲಸವು ಉಳಿಯುವುದೆಂದು ನಾವು ನಂಬುತ್ತೇವೆ.

ಎರಡನೆಯ ಎಚ್ಚರಿಕೆಯು ಮೋಸಗಾರರ ವಿಷಯ. ನಂಬತಕ್ಕ ಯಾವ ಯಜಮಾನನೂ ಕೆಲಸ ಕೊಡುವುದಕ್ಕಾಗಿ ಹಣ ಕೇಳುವುದಿಲ್ಲ. ನೋಂದಣಿ, ತರಬೇತು, ಠೇವಣಿ, ಲ್ಯಾಪ್‌ಟಾಪಿನ ಬೆಲೆ ಮುಂತಾದ ಯಾವ ಹೆಸರಿನಲ್ಲಿ ಕೇಳಿದರೂ ಕೊಡಕೂಡದು. ಮೂಲ ಅಂಕಪಟ್ಟಿಗಳನ್ನು ಯಾರ ವಶಕ್ಕೂ ಬಿಡಕೂಡದು. ಹಣ ಹೋದದ್ದಾದರೆ ನಾಚಿಕೆಯಿಂದ ಮುಚ್ಚಿಡದೆ ೧೯೩೦ ಎಂಬ ಸಂಖ್ಯೆಗೆ ಕೂಡಲೆ ದೂರವಾಣಿ ಮಾಡಬೇಕು. ತಡವಾದಷ್ಟೂ ಹಣ ಹಿಂದಿರುಗುವ ಆಶೆ ಕಡಮೆ. ಮೇಲೆ ಹೇಳಿದ ನಮ್ಮ ಹುಡುಗಿಗೆ ಈ ಸಂಗತಿ ತಿಳಿದಿರಲಿಲ್ಲ.

೮. ತಂದೆತಾಯಿಗಳಿಗೆ

ಮಗಳ ಸುರಕ್ಷತೆಯನ್ನು ಕುರಿತು ನೀವು ಚಿಂತಿಸುವುದು ನ್ಯಾಯವೇ. ಚಿಂತಿಸುವುದರ ಜೊತೆಗೆ ಕಾನೂನನ್ನೂ ತಿಳಿದಿರಿ. ೨೦೧೩ರ ಕಾಯಿದೆಯಂತೆ, ಹತ್ತು ಅಥವಾ ಹೆಚ್ಚು ಮಂದಿ ಕೆಲಸಮಾಡುವ ಪ್ರತಿಯೊಂದು ಕಛೇರಿಯಲ್ಲಿಯೂ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸಲು ಒಂದು ಆಂತರಿಕ ಸಮಿತಿಯಿರಬೇಕು. ಅದಕ್ಕಿಂತ ಚಿಕ್ಕ ಕಡೆಗಳಲ್ಲಿ ಕೆಲಸಮಾಡುವವರಿಗೆ ಜಿಲ್ಲೆಯ ಸ್ಥಳೀಯ ಸಮಿತಿಯುಂಟು. ದೂರನ್ನು ಸಾಧಾರಣವಾಗಿ ಮೂರು ತಿಂಗಳೊಳಗೆ ಕೊಡಬೇಕು. ಕೆಲಸಕ್ಕೆ ಸೇರುವ ದಿನವೇ ಆ ಸಮಿತಿಯ ಸದಸ್ಯರ ಹೆಸರನ್ನು ಕೇಳಿ ಬರೆದುಕೊಳ್ಳಲು ಮಗಳಿಗೆ ಹೇಳಿರಿ. ಕೇಳುವುದು ಉದ್ಧಟತನವಲ್ಲ.

ದೂರದ ಮಾತೂ ಬರುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೆ ಹೋಗಿಬರುವುದು ಹಿಂದೆ ದಿನದ ದೊಡ್ಡ ಶಿಕ್ಷೆಯಾಗಿತ್ತು. ೨೦೨೫ನೆಯ ಆಗಸ್ಟ್ ತಿಂಗಳಲ್ಲಿ ಆರ್. ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೋ ಹಳದಿ ಮಾರ್ಗವು ತೆರೆದಂದಿನಿಂದ ಜಯದೇವ ಆಸ್ಪತ್ರೆಯ ನಿಲ್ದಾಣದಲ್ಲಿ ಹತ್ತಿದವಳು ನೇರವಾಗಿ ಅಲ್ಲಿಗೆ ಹೋಗಬಹುದು. ಹಳೆಯ ಕಾರಣಗಳನ್ನು ಹೇಳಿ ಬೇಡವೆನ್ನುವ ಮುಂಚೆ ಆ ಕಾರಣವು ಇನ್ನೂ ಉಳಿದಿದೆಯೇ ಎಂದು ನೋಡಬೇಕು.

ಮತ್ತೊಂದು ಬಿನ್ನಹ. ಮೊದಲನೆಯ ಕೆಲಸಕ್ಕಾಗಿ ಒಂದು ವರ್ಷದ ತಾಳ್ಮೆಯಿರಲಿ. ಆ ವರ್ಷದಲ್ಲಿ ಮಗಳು ದಿನವೂ ಬರೆಯುತ್ತಿದ್ದಾಳೆಯೇ ಎಂದು ಕೇಳಿರಿ. ಕೆಲಸ ಸಿಕ್ಕಿತೇ ಎಂದು ದಿನವೂ ಕೇಳಬೇಡಿರಿ.

ನಮ್ಮ ಮಕ್ಕಳು ಬೆಳಗಿನ ಆರಾಧನೆಯಲ್ಲಿ ಕೇಳಿರುವ ತಲಾಂತುಗಳ ಸಾಮ್ಯವು ಎಲ್ಲರ ನೆನಪಿನಲ್ಲಿಯೂ ಇರಬಹುದು. ಯಜಮಾನನು ಕೊಟ್ಟ ಒಂದು ತಲಾಂತನ್ನು ಭಯದಿಂದ ನೆಲದಲ್ಲಿ ಹೂಳಿಟ್ಟ ಆಳು ಕಳ್ಳನೇನೂ ಆಗಿರಲಿಲ್ಲ. ಅದು ಕೊಂಚವೆಂದೆಣಿಸಿದನು, ಅಷ್ಟೆ. ಬೀದಿಯವರಿಗಾಗಿ ಬರೆದ ಮೂರು ಹಾಳೆಗಳನ್ನು ನಮ್ಮ ಹುಡುಗಿಯೂ ಹಾಗೆಯೇ ಎಣಿಸಿದ್ದಳು. ಅವಳಿಗೆ ಹಾಗೆಣಿಸಲು ಕಲಿಸಿದವರು ನಾವು. ನಿಮ್ಮ ಮನೆಗಳಲ್ಲಿಯೂ ಇಂಥ ಹಾಳೆಗಳು ಹೂತುಹೋಗಿರಬಹುದು. ಅಗೆದು ತೆಗೆಯಿರಿ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

(೧) ಕಳೆದ ಒಂದು ವರ್ಷದಲ್ಲಿ ಬೇರೊಬ್ಬರ ಉಪಯೋಗಕ್ಕಾಗಿ ನೀವು ಬರೆದ ಅಥವಾ ಅನುವಾದಿಸಿದ ಮೂರು ಬರಹಗಳನ್ನು ಹೆಸರಿಸಿರಿ. ಇಲ್ಲದಿದ್ದರೆ ಈ ವಾರ ಒಂದನ್ನು ಬರೆಯಿರಿ.

(೨) ನಿಮ್ಮ ಅರ್ಜಿಯಲ್ಲಿರುವ ವಿಶೇಷಣಗಳನ್ನೆಲ್ಲಾ ಹೊಡೆದುಹಾಕಿ, ಪ್ರತಿಯೊಂದಕ್ಕೂ ಬದಲಾಗಿ ಒಂದು ಸಂಗತಿಯನ್ನು ಬರೆಯಿರಿ.

(೩) ಸಮೀಪದ ಆಸ್ಪತ್ರೆ, ಬ್ಯಾಂಕು ಅಥವಾ ಸರ್ಕಾರಿ ಕಛೇರಿಯ ಒಂದು ಸೂಚನಾಫಲಕವನ್ನು ಓದಿ, ಅದನ್ನು ಐವತ್ತು ಮಾತುಗಳಲ್ಲಿ ತಿಳಿಯಾಗಿ ಬರೆಯಿರಿ. ಮನೆಯ ಹಿರಿಯರಿಗೆ ಓದಿಹೇಳಿ, ಅವರು ತಡೆದ ಕಡೆ ತಿದ್ದಿರಿ.

(೪) ತಂದೆತಾಯಿಗಳು ಉತ್ತರಿಸಬೇಕಾದದ್ದು: ನಿಮ್ಮ ಮಗಳಿಗೆ ಬರುವ ಭಾಷೆಗಳು ಎಷ್ಟು? ಅವುಗಳಲ್ಲಿ ಯಾವುದನ್ನಾದರೂ ಹೊರಗೆ ಆಡಬೇಡವೆಂದು ನೀವು ಎಂದಾದರೂ ಹೇಳಿದ್ದುಂಟೇ?